ಚಾವಡಿ ಗೋಡೆಯ ನೋಟೀಸು

ನಿಂಬೆವ್ವ ಊರಿನ ಗಂಡಸರನ್ನು ಮುಖದಿಂದಲ್ಲ, ಕಾಲಿನ ಕೆರವಿನಿಂದ ಗುರುತಿಸುತ್ತಿದ್ದಳು. ಅಫಜಲಪುರ ತಾಲೂಕಿನ ಮಣ್ಣೂರಿನಿಂದ ಆಳಂದದ ಕಡೆಯ ಈ ಊರಿಗೆ ಮದುವೆಯಾಗಿ ಬಂದಾಗ ಅವಳಿಗೆ ಹದಿಮೂರು ವರ್ಷ. ಬಂದ ಮರುದಿನವೇ ಅತ್ತೆ ಕೊಡ ಕೈಗಿಟ್ಟು ದಾರಿ ಕಲಿಸಿದಳು.

"ಚಾವಡಿ ಬಂತಂದ್ರ ಕೆರವು ಕಳದು ಕೈಯಾಗ ಹಿಡಿ. ಸೆರಗು ಎಳಕೋ, ತಲಿ ಬಗ್ಗಿಸು. ದಾಟಿದ ಮ್ಯಾಲ ಹಾಕ್ಕೋ."

ಬಾವಿಗೆ ಬೇರೆ ದಾರಿ ಇರಲಿಲ್ಲ. ದಿನಕ್ಕೆ ನಾಲ್ಕು ಸಲ ಹೋಗಿ ನಾಲ್ಕು ಸಲ ಬರುವಾಗ ಅವಳಿಗೆ ಕಾಣುತ್ತಿದ್ದುದು ಕಟ್ಟೆಯ ಕೆಳಗಿನ ಸಾಲುಕಲ್ಲು, ಅದರ ಮುಂದೆ ಬಿಟ್ಟ ಗಂಡಸರ ಕೆರವುಗಳು. ಇಪ್ಪತ್ತೆರಡು ವರ್ಷಗಳಲ್ಲಿ ಯಾರ ಹಿಮ್ಮಡಿ ಸವೆದಿದೆ, ಯಾರು ಹೊಸದು ಹೊಲಿಸಿದ್ದಾರೆ, ಯಾರು ಮುಂಜಾನೆ ಬಂದು ಕೂತವರು ಮಧ್ಯಾಹ್ನವಾದರೂ ಎದ್ದಿಲ್ಲ ಎಲ್ಲವೂ ಅವಳಿಗೆ ತಿಳಿದಿತ್ತು. ಕಟ್ಟೆಯ ಮೇಲಿನ ಗೋಡೆಗೆ ಯಾವ ಬಣ್ಣ ಬಳಿದಿದ್ದಾರೆ ಎಂದು ಕೇಳಿದ್ದರೆ ಹೇಳಲು ಬರುತ್ತಿರಲಿಲ್ಲ.

ನೀರು ತಂದ ಮೇಲೆ ಬೇಳೆ. ಆಳಂದದ ಒಂದು ಗಿರಣಿಯಿಂದ ಸೋಮವಾರ ಗಾಡಿಯಲ್ಲಿ ತೊಗರಿಬೇಳೆಯ ಚೀಲ ಬರುತ್ತಿತ್ತು. ಗುರುವಾರದೊಳಗೆ ಅದರ ಕಲ್ಲು, ಕರಿಕಾಳು, ಹುಳುಕು ಎಲ್ಲ ಆರಿಸಿ ಹಸನು ಮಾಡಿ ಕೊಡಬೇಕು. ಹೊಸ್ತಿಲ ಬೆಳಕಿನಲ್ಲಿ ಮೊರ ಹಿಡಿದು ಕೂತರೆ ಅವಳ ಬೆರಳು ಕಣ್ಣಿಗಿಂತ ಮೊದಲು ಕಲ್ಲನ್ನು ಹಿಡಿಯುತ್ತಿತ್ತು. ನಡುವೆ ಎದ್ದು ರೊಟ್ಟಿ ಬಡಿಯಬೇಕು, ಎಮ್ಮೆಗೆ ನೀರಿಡಬೇಕು, ಹಾಸಿಗೆ ಹಿಡಿದ ಅತ್ತೆಯ ಬಟ್ಟೆ ಬದಲಿಸಿ, ಕೈ ತೊಳೆದು ಮತ್ತೆ ಮೊರದ ಮುಂದೆ ಬರಬೇಕು. ಕೊನೆಯ ಮಗಳು ಹುಟ್ಟುವ ದಿನವೂ ಅರ್ಧ ಚೀಲ ಮುಗಿದಿತ್ತು. ಆದರೆ ಆ ಮನೆಯಲ್ಲಿ ಯಾರೂ ಅದನ್ನು ಕೆಲಸ ಎಂದು ಕರೆಯುತ್ತಿರಲಿಲ್ಲ. ಯಾರಾದರೂ ಬಂದು ಕೇಳಿದರೆ ಗಂಡ ಮಾಳಿಂಗಪ್ಪ, "ಒಳಗ ಕುಂತಾಳ ನೋಡ್ರಿ" ಎನ್ನುತ್ತಿದ್ದ.

ಗುರುವಾರ ಗಿರಣಿಯ ಲೆಕ್ಕ ನೋಡುವ ಮುನೀಮ ದೌಲತರಾಯ ಬರುತ್ತಿದ್ದ. ಚೀಲಕ್ಕೆ ಮೊಳಕೈವರೆಗೆ ಕೈ ಹಾಕಿ ಒಂದು ಮುಷ್ಟಿ ತೆಗೆಯುವನು. ಅದರಲ್ಲಿ ಕಲ್ಲು ಸಿಕ್ಕರೆ ಕೂಲಿಯಲ್ಲಿ ಕಡಿತ. ನಿಂಬೆವ್ವನ ಚೀಲದಲ್ಲಿ ಎಂದೂ ಸಿಗಲಿಲ್ಲ. ಅದಕ್ಕಾಗಿ ಅವಳಿಗೆ ಹೆಚ್ಚೇನೂ ಸಿಗಲಿಲ್ಲ, ಮುಂದಿನ ವಾರ ಒಂದರ ಬದಲು ಎರಡು ಚೀಲ ಬಂದವು.

ಇದೇ ಬೇಳೆಯನ್ನು ಗಿರಣಿಯ ಒಳಗೆ ಕೂತು ಹಸನು ಮಾಡುವ ಗಂಡಸರಿಗೆ ಇದರ ಎರಡರಷ್ಟು ಕೂಲಿ ಇದೆ ಎಂದು ಮೊದಲು ಹೇಳಿದವಳು ಹಿಂದಿನ ಓಣಿಯ ನಜಮುನ್ನಿಸಾ. ಅವಳೂ ಪರದೆಯ ಹಿಂದೆ ಕೂತು ಬೇಳೆ ಆರಿಸುವವಳೇ. ಗುಲಬರ್ಗಾದಲ್ಲಿ ಕಾರ್ಮಿಕ ಸಂಘದ ಕಚೇರಿಯಲ್ಲಿದ್ದ ಅವಳ ಅಣ್ಣ ಎಂಬತ್ತೆರಡನೆಯ ಇಸವಿಯಲ್ಲಿ ಏಳು ಹಳ್ಳಿಯ ಇನ್ನೂರಾ ಹನ್ನೊಂದು ಹೆಣ್ಣುಮಕ್ಕಳ ಹೆಬ್ಬೆಟ್ಟು ಪಡೆದು, ಸಮ ಕೆಲಸಕ್ಕೆ ಸಮ ಕೂಲಿ ಬೇಕೆಂದು ಕಾರ್ಮಿಕ ಕೋರ್ಟಿನಲ್ಲಿ ಕೇಸು ಹಾಕಿಸಿದ. ನಿಂಬೆವ್ವನೂ ಒತ್ತಿದಳು. ಆಮೇಲೆ ಆ ಅಣ್ಣ ಬೇರೆ ಊರಿಗೆ ಹೋದ. ನಾಲ್ಕು ವರ್ಷ ಯಾರೂ ಏನೂ ಹೇಳಲಿಲ್ಲ.

ಎಂಬತ್ತಾರರ ಚಳಿಗಾಲದಲ್ಲಿ ಒಂದು ಸಂಜೆ ದೌಲತರಾಯ ಬೇಳೆಯ ಕೆಲಸವಿಲ್ಲದೆ ಬಂದು, ಅಂಗಳದಲ್ಲೇ ಮಾಳಿಂಗಪ್ಪನೊಬ್ಬನಿಗೆ ವಿಷಯ ಹೇಳಿದ. ಸಂಘದ ಹೊಸ ಮುಖಂಡರು ಮತ್ತು ಗಿರಣಿಯ ಮಾಲೀಕ ಸೇಠರು ಕೂಡಿ ರಾಜಿ ಮಾಡಿಕೊಂಡಿದ್ದಾರೆ. ಇಷ್ಟು ಜನರ ಹೆಸರಿನ ರಾಜಿಯಾದ್ದರಿಂದ ಅದು ನ್ಯಾಯವಾಗಿದೆಯೋ ಇಲ್ಲವೋ ನೋಡಿಯೇ ಒಪ್ಪುತ್ತೇನೆ ಎಂದು ಜಡ್ಜ್ ಸಾಹೇಬರು ಹಟ ಹಿಡಿದಿದ್ದಾರೆ. ನಾಳೆ ಆಳಂದದಲ್ಲಿ ಅವರ ಕ್ಯಾಂಪು ಕೋರ್ಟು. ಊರಿಗೊಬ್ಬ ಹೆಣ್ಣುಮಗಳನ್ನು ಕರೆತರಬೇಕಂತೆ.

"ಈ ಊರಿಂದ ನಿಂಬೆವ್ವನ್ನ ಕಳಸು, ಮಾಳಿಂಗಪ್ಪ. ಬಾಯಿಲ್ಲದಾಕಿ," ಎಂದ.

ಅವನು ಹೋದ ಮೇಲೆ ಮಾಳಿಂಗಪ್ಪ ಹೆಂಡತಿಗೆ ಹೇಳಿದ, "ಸಾಹೇಬ್ರು ಏನ್ ಕೇಳಿದ್ರೂ ಹೌದ್ರಿ ಅನ್ನು. ಅಷ್ಟ."

"ಏನ್ ಕೇಳ್ತಾರ್ರಿ?"

"ಏನರ ಕೇಳ್ಲಿ. ನಿನಗ್ಯಾಕ ಬೇಕು."

"ನಿನ್ನ ಹೆಸರೇನು ಅಂತ ಕೇಳಿದ್ರೂ ಹೌದ್ರಿ ಅನ್ನಲೇನ್ರಿ?"

ಮಾಳಿಂಗಪ್ಪ ನಗಲಿಲ್ಲ. ಅದು ಅವಳಿಗೆ ವಿಚಿತ್ರವೆನಿಸಿತು. ಅಂಥ ಮಾತಿಗೆ ಅವನು ಸಾಮಾನ್ಯವಾಗಿ ನಗುತ್ತಿದ್ದ.

ಮರುದಿನ ಗಿರಣಿಯ ಜೀಪಿನಲ್ಲೇ ಹೋದರು. ಕೋರ್ಟಿನಲ್ಲಿ ಮೊದಲು ಅವಳ ಹೆಸರೇ ಕೂಗಿದರು. ದೇವರ ಮೇಲೆ ಪ್ರಮಾಣ ಮಾಡು ಎಂದರು.

"ಯಾವ ದೇವರ ಮ್ಯಾಲರಿ?"

"ನಿನ್ನ ದೇವರು ಯಾವುದೋ ಅದು," ಎಂದ ಗುಮಾಸ್ತ.

"ಘತ್ತರಗಿ ಭಾಗ್ಯವಂತಿ ಆಣಿ," ಎಂದಳು ನಿಂಬೆವ್ವ. ಹಿಂದಿನ ಬೆಂಚಿನಲ್ಲಿ ಮಾಳಿಂಗಪ್ಪ ತಲೆಗೆ ಸುತ್ತಿದ ರುಮಾಲು ಬಿಚ್ಚಿ ಮಡಿಲಲ್ಲಿಟ್ಟುಕೊಂಡ. ತವರಿನ ಕಡೆಯ ಆ ದೇವಿಯ ಆಣೆಯ ಮೇಲೆ ಅವಳು ಸುಳ್ಳಾಡುವುದಿಲ್ಲ ಎಂಬುದು ಅವನಿಗೆ ಗೊತ್ತಿತ್ತು.

ಜಡ್ಜ್ ಸಾಹೇಬರು ಮೈಸೂರು ಕಡೆಯವರು, ಪುಸ್ತಕದಂತೆ ಮಾತಾಡುವವರು. ರಾಜಿಪತ್ರವನ್ನು ನಿಧಾನವಾಗಿ ಓದಿದರು. ಈ ಹೆಂಗಸರು ಮನೆಗೆಲಸದ ಬಿಡುವಿನ ವೇಳೆಯಲ್ಲಿ, ಸ್ವಂತ ಇಚ್ಛೆಯಿಂದ ಬೇಳೆ ಆರಿಸುವವರಾದ್ದರಿಂದ ಇವರು ಗಿರಣಿಯ ಕೆಲಸಗಾರರಲ್ಲ. ಸೇಠರು ವಿಶ್ವಾಸದಿಂದ ಒಬ್ಬೊಬ್ಬರಿಗೆ ಒಂದು ಸೀರೆ, ನೂರು ರೂಪಾಯಿ ಕೊಡುತ್ತಾರೆ. ಇನ್ನು ಮುಂದೆ ಇವರಲ್ಲಿ ಯಾರೂ ಯಾವ ಕೋರ್ಟಿನಲ್ಲೂ ಕೂಲಿಯ ಬಗ್ಗೆ ಕೇಳುವಂತಿಲ್ಲ.

ನಿಂಬೆವ್ವನಿಗೆ ಒಂದು ಕ್ಷಣ ಬೇರೆ ಯಾರದೋ ವಿಷಯ ಓದುತ್ತಿದ್ದಾರೆ ಎನಿಸಿತು. ಆಮೇಲೆ ಪಟ್ಟಿಯಲ್ಲಿ ತನ್ನ ಹೆಸರು ಬಂತು.

"ಇದು ನಿಮಗೆ ಮೊದಲೇ ತಿಳಿದಿತ್ತೆ?"

ಹೌದ್ರಿ ಎನ್ನಬೇಕಾಗಿತ್ತು. "ಇಲ್ರಿ," ಎಂದಳು.

ಗಿರಣಿಯ ವಕೀಲ ಎದ್ದ. ಪ್ರತಿ ಊರಿನ ಚಾವಡಿ ಗೋಡೆಗೆ ಮೂವತ್ತು ದಿನ ನೋಟೀಸು ಅಂಟಿಸಿದ್ದೇವೆ, ಇನ್ನೂರಾ ಹನ್ನೊಂದು ಜನರಲ್ಲಿ ಒಬ್ಬರಿಂದಲೂ ತಕರಾರು ಬಂದಿಲ್ಲ, ಅಂದರೆ ಎಲ್ಲರೂ ಒಪ್ಪಿದಂತೆ ಎಂದ.

"ನೀವು ಚಾವಡಿಯ ಕಡೆ ಹೋಗುವುದಿಲ್ಲವೆ?" ಜಡ್ಜ್ ಕೇಳಿದರು.

"ದಿನಾ ನಾಕ್ ಸಲ ಹೋಗ್ತೇನ್ರಿ. ನೀರಿಗೆ."

"ಮತ್ತೆ ಗೋಡೆಯ ಮೇಲಿನ ಕಾಗದ ಕಾಣಲಿಲ್ಲವೆ?"

"ಅಲ್ಲಿ ತಲಿ ಎತ್ತಂಗಿಲ್ರಿ. ಕೆರವು ಕೈಯಾಗ ಹಿಡಕೊಂಡು, ನೆಲಾ ನೋಡ್ಕೋತ ದಾಟಬೇಕ್ರಿ."

ಯಾರೋ ನಕ್ಕರು. ಜಡ್ಜ್ ಆ ಕಡೆ ನೋಡಿದರು, ನಗು ನಿಂತಿತು. ಇದು ನಿಜವೆ ಎಂದು ಉಳಿದ ಹೆಂಗಸರನ್ನು ಕೇಳಿದರು. ಆರು ಸೆರಗುಗಳು ಅಲ್ಲಾಡಿದವು.

ವಕೀಲ ಬಿಡಲಿಲ್ಲ. "ಸ್ವಾಮಿ, ಈಕೆ ಅತ್ತ ಹೋಗುವುದೇ ಸುಳ್ಳಿರಬಹುದು. ನೆಲ ನೋಡಿಕೊಂಡು ಹೋಗುವವಳಿಗೆ ಆ ತಿಂಗಳು ಅಲ್ಲಿ ಏನು ಕಂಡಿತು, ಹೇಳಲಿ."

"ಕೆರವು ಕಂಡಾವ್ರಿ," ಎಂದಳು ನಿಂಬೆವ್ವ. "ಗೌಡರ ಮುದುಕಪ್ಪಂದು ಕಿರ್ರ್ ಅನ್ನೂವು. ಪೂಜಾರಿದು ಒಂದು ಮಗ್ಗಲ ಸವದದ. ದೌಲತರಾಯ್ರದು ಬೂಟು, ಎರಡು ದಿನ ಇದ್ದುವು. ಮತ್ತ ಟಾಯರಿನ ಕೆರವು ಒಂದು ಜೋಡಿ, ಕೆಂಪು ದಾರದಿಂದ ಉಂಗುಷ್ಟ ಹೊಲದದ್ದು. ಅವು ದಿನಾ..."

ಅಲ್ಲಿಗೆ ನಿಂತಳು. ಆ ಕೆಂಪು ದಾರ ಗಿರಣಿಯ ಚೀಲದ ಬಾಯಿ ಹೊಲಿಯುವ ದಾರ. ಬಿಚ್ಚಿದ ದಾರವನ್ನು ಎಸೆಯದೆ ಇಟ್ಟು, ಡಬ್ಬಣ ತಂದು, ಹೆಬ್ಬೆರಳು ತೂರಿಸುವ ಆ ಉಂಗುಷ್ಟವನ್ನು ಹೊಲಿದವಳು ಅವಳೇ.

"ಅವು ಯಾರವು?" ಎಂದರು ಜಡ್ಜ್.

ಗಂಡನ ಹೆಸರು ಬಾಯಿಂದ ಬರುವಂತಿರಲಿಲ್ಲ. ಅವಳು ತಿರುಗಿ ಹಿಂದಿನ ಬೆಂಚಿನ ಕೆಳಗೆ ನೋಡಿದಳು. ಜಡ್ಜ್ ಕೂಡ ನೋಡಿದರು. ಮಾಳಿಂಗಪ್ಪ ಕಾಲನ್ನು ಬೆಂಚಿನ ಒಳಗೆ ಎಳೆದುಕೊಂಡ.

ಜಡ್ಜ್ ಫೈಲಿನಿಂದ ಇನ್ನೊಂದು ಹಾಳೆ ತೆಗೆದರು. ಅದರಲ್ಲಿ ಊರೂರಿನ ಗಂಡಂದಿರ ಸಹಿಗಳಿದ್ದವು. ಮೇಲೆ ಒಂದೇ ವಾಕ್ಯ. ಅದನ್ನು ಗಟ್ಟಿಯಾಗಿ ಓದಿದರು: "ನೋಟೀಸನ್ನು ನನ್ನ ಹೆಂಡತಿಗೆ ಓದಿ ಹೇಳಿದ್ದೇನೆ, ಅವಳು ಒಪ್ಪಿದ್ದಾಳೆ." ನಂತರ ಮಾಳಿಂಗಪ್ಪನನ್ನು ಎದ್ದು ನಿಲ್ಲಿಸಿ, ಈ ಸಹಿ ನಿನ್ನದೇ ಎಂದು ಕೇಳಿದರು.

"ಹೌದ್ರಿ," ಎಂದ ಮಾಳಿಂಗಪ್ಪ. ಅವನು ನಾಲ್ಕನೆಯ ಇಯತ್ತೆವರೆಗೆ ಕಲಿತವನು. ಸಹಿ ದುಂಡಗಿತ್ತು.

ನಿಂಬೆವ್ವನ ಕೈ ಕಟಕಟೆಯ ಕಟ್ಟಿಗೆಯ ಮೇಲೆ ತನ್ನಷ್ಟಕ್ಕೆ ಆಡತೊಡಗಿತ್ತು, ಇಲ್ಲದ ಕಾಳನ್ನು ಆರಿಸುವಂತೆ. ಮೂವತ್ತು ದಿನ ಅವಳ ಹೆಸರು ಆ ಗೋಡೆಯ ಮೇಲಿತ್ತು. ಮೂವತ್ತು ದಿನ ಅವನು ಅದರ ಕೆಳಗೆ ಕೂತಿದ್ದ. ಅವಳು ತುಂಬಿದ ಕೊಡ ಹೊತ್ತು ಅವನ ಕೆರವಿನ ಪಕ್ಕದಲ್ಲೇ ದಾಟಿದ್ದಳು. ಸಂಜೆ ಮನೆಗೆ ಬಂದವನು ಅದೇ ನೀರಿನಿಂದ ಕಾಲು ತೊಳೆದು ಉಂಡಿದ್ದ.

ನಾಲ್ಕು ಜನರ ಮುಂದೆ ಅವಳು ಗಂಡನೊಂದಿಗೆ ಎಂದೂ ಮಾತಾಡಿದವಳಲ್ಲ. "ಯಾವಾಗ ಓದಿ ಹೇಳಿದ್ರಿ ನನಗ?" ಎಂದಳು.

ಕೋರ್ಟಿನಲ್ಲಿ ಹೀಗೆ ಕೇಳುವಂತಿಲ್ಲ ಎಂದು ವಕೀಲ ಏಳುವಷ್ಟರಲ್ಲಿ ಜಡ್ಜ್ ಕೈ ಎತ್ತಿ ಅವನನ್ನು ಕೂರಿಸಿದರು.

"ಹೇಳಬೇಕಂತ ಬಂದಿದ್ದೆ," ಎಂದ ಮಾಳಿಂಗಪ್ಪ. ಅವನ ಧ್ವನಿಯಲ್ಲಿ ಸುಳ್ಳಿರಲಿಲ್ಲ, ಬೇಸರವಿತ್ತು. "ಎರಡು ಸಲ ಬಂದಿದ್ದೆ. ನೀ ಬ್ಯಾಳಿ ಹಸನ ಮಾಡಾಕತ್ತಿದ್ದಿ. ಆಮ್ಯಾಲ ರೊಟ್ಟಿ ಮಾಡಾಕತ್ತಿದ್ದಿ. ಆಮ್ಯಾಲ ಅವ್ವನ ಹಾಸಿಗಿ. ಆಮ್ಯಾಲ ನೋಡಿದ್ರ ಮತ್ತ ಬ್ಯಾಳಿ ಮುಂದ ಕುಂತಿದ್ದಿ. ನಿನಗ ಬಿಡುವರ ಯಾವಾಗ ಇತ್ತು ಹೇಳಾಕ?"

ಜಡ್ಜ್ ರಾಜಿಪತ್ರದಲ್ಲಿ ಬಿಡುವಿನ ವೇಳೆ ಎಂದಿದ್ದ ಸಾಲನ್ನು ಮತ್ತೆ ನೋಡಿದರು. ದೌಲತರಾಯ ಕಣ್ಣು ಮುಚ್ಚಿಕೊಂಡ. ಏನು ಹೇಳಿದೆನೆಂದು ಇನ್ನೂ ತಿಳಿಯದೆ ನಿಂತಿದ್ದವನು ಮಾಳಿಂಗಪ್ಪ ಒಬ್ಬನೇ.

"ಅವನು ಹೇಳಿದ್ದನ್ನು ಹೇಳಿದ ಹಾಗೆಯೇ ಬರೆದುಕೊಳ್ಳಿ," ಎಂದರು ಜಡ್ಜ್. ಟೈಪು ಮಾಡುವವನು ಮುಗಿಸುವವರೆಗೂ ಕಾದರು. ಆಮೇಲೆ, ಈ ಒಪ್ಪಿಗೆ ಒಪ್ಪಿಗೆಯಲ್ಲ, ಕೋರ್ಟಿನ ಅಮೀನನೇ ಊರೂರಿಗೆ ಹೋಗಿ ಹೆಂಗಸರ ಕಿವಿಗೆ ಬೀಳುವ ಹಾಗೆ ನೋಟೀಸನ್ನು ಓದಲಿ, ಅವರ ಉತ್ತರ ಬಂದ ಮೇಲೆ ರಾಜಿಯ ವಿಚಾರ ನೋಡುತ್ತೇನೆ ಎಂದರು.

ತಿರುಗಿ ಬರಲು ಜೀಪು ಸಿಗಲಿಲ್ಲ. ಬಸ್ ಸ್ಟ್ಯಾಂಡಿನಲ್ಲಿ ಮಾಳಿಂಗಪ್ಪ ಚಹಾ ತಂದು ಅವಳ ಮುಂದೆ ಹಿಡಿದ. ಮದುವೆಯಾದಾಗಿನಿಂದ ಅವನು ಅವಳಿಗೆ ತಂದುಕೊಟ್ಟ ಮೊದಲ ಚಹಾ.

"ಸಹಿ ಮಾಡದಿದ್ರ ಬ್ಯಾಳಿ ಬರೂದು ಬಂದ್ ಅಂದ್ರು ದೌಲತರಾಯ್ರು. ಮನಿ ಹ್ಯಾಂಗ ನಡೀಬೇಕು?"

"ಅದನ್ನರ ಹೇಳಬೇಕಿತ್ತು."

"ಹೇಳಿದ್ರ ನೀ ಏನ್ ಮಾಡ್ತಿದ್ದಿ?"

ಅವಳು ಚಹಾವನ್ನು ಪಕ್ಕದ ಕಲ್ಲಿನ ಮೇಲಿಟ್ಟಳು. "ಮೂವತ್ತು ದಿನ," ಎಂದಳು. ಬಸ್ಸು ಹತ್ತಿದ ಮೇಲೆ ಇನ್ನೊಮ್ಮೆ ಎಂದಳು. ಬೈದಿದ್ದರೆ ಅವನಿಗೆ ಹಗುರಾಗುತ್ತಿತ್ತು. ಅವಳು ಊರು ಬರುವವರೆಗೆ ಅವನ ಕಾಲಿನ ಕೆಂಪು ದಾರವನ್ನೇ ನೋಡುತ್ತಿದ್ದಳು. ಚಹಾ ಸ್ಟ್ಯಾಂಡಿನ ಕಲ್ಲಿನ ಮೇಲೆಯೇ ಉಳಿದಿತ್ತು.

ಆ ಸೋಮವಾರ ಬೇಳೆಯ ಗಾಡಿ ಬರಲಿಲ್ಲ. ಮುಂದಿನ ಸೋಮವಾರವೂ ಬರಲಿಲ್ಲ. ಬಾವಿಯ ಹತ್ತಿರ ಕೆಲವರು ನಿಂಬೆವ್ವನನ್ನು ಕಂಡು ಮಾತು ನಿಲ್ಲಿಸಿದರು. "ಬಾಯಿಲ್ಲದಾಕಿ ಅಂತಿದ್ರಲ್ಲ ಬೇ. ಇದ್ದ ನಾಕ್ ಕಾಳೂ ನುಂಗಿ ಕುಂತಳು," ಎಂದು ರೇವಮ್ಮ ಕೇಳುವಂತೆಯೇ ಅಂದಳು. ರೇವಮ್ಮನ ಹೆಸರೂ ಪಟ್ಟಿಯಲ್ಲಿತ್ತು, ಅವಳ ಗಂಡನ ಸಹಿಯೂ ಹಾಳೆಯಲ್ಲಿತ್ತು. ನಿಂಬೆವ್ವ ಅದನ್ನು ಹೇಳಲಿಲ್ಲ. ಕಾಗದ ಬರುತ್ತದೆ, ಅದೇ ಹೇಳಲಿ ಎಂದುಕೊಂಡಳು.

ಹದಿನೆಂಟನೆಯ ದಿನ ಅಮೀನ ಬಂದ. ಭಗವಂತ ಎಂದು ಅವನ ಹೆಸರು, ಜೇವರ್ಗಿ ಕಡೆಯವನು. ಬಾವಿಯ ಕಟ್ಟೆಯ ಮೇಲೆ ನಿಂತು ಓದಿದ. ಹೆಂಗಸರು ಕೊಡ ಇಳಿಸಿ ಕೇಳಿದರು. ಬಿಡುವಿನ ವೇಳೆ ಎಂಬಲ್ಲಿ ಯಾರೋ ಕಿಸಕ್ಕೆಂದರು. ಗಂಡಂದಿರ ಸಹಿಯ ವಿಷಯ ಬಂದಾಗ ರೇವಮ್ಮ, "ನಮ್ಮ ಮನಿಯವರದೂ ಅದ ಏನ್ರಿ?" ಎಂದು ಕೇಳಿದಳು. ಅಮೀನ ಹಾಳೆ ತಿರುವಿ ಅವಳ ಗಂಡನ ಹೆಸರು ಓದಿದ. ರೇವಮ್ಮ ಕಟ್ಟೆಯ ಮೇಲೆ ಕೂತುಬಿಟ್ಟಳು.

"ಮುಗೀತು. ತಕರಾರು ಇದ್ದವರು ಹೆಬ್ಬೆಟ್ಟು ಒತ್ರಿ," ಎಂದ ಅಮೀನ.

"ಮುಗದಿಲ್ರಿ," ಎಂದಳು ನಿಂಬೆವ್ವ. "ನಜಮುನ್ನಿಸಾ ಬಾವಿಗೆ ಬರಂಗಿಲ್ಲ. ಬಾಣಂತ್ಯಾರು ಇಬ್ಬರು ಬರಂಗಿಲ್ಲ. ಅವರ ಕಿವಿಗೆ ಬಿದ್ದಿಲ್ಲ."

"ಮನಿ ಮನಿಗಿ ಹೋಗಂತ ಆರ್ಡರಿನ್ಯಾಗ ಇಲ್ಲವ್ವ."

"ಹೆಂಗಸರ ಕಿವಿಗಿ ಬೀಳಬೇಕು ಅಂತ ಅದಲ್ರಿ. ಕಿವಿ ಮನ್ಯಾಗ ಅದಾವ."

ಅಮೀನ ಕಾಗದವನ್ನು ಇನ್ನೊಮ್ಮೆ ನೋಡಿ ಕಟ್ಟೆಯಿಂದ ಇಳಿದ. ಬರದ ಮೂವರಿಗಾಗಿ ಹೊರಟವನನ್ನು ಹೆಂಗಸರು ದಾರಿಯ ಪ್ರತಿ ಬಾಗಿಲಲ್ಲೂ ನಿಲ್ಲಿಸಿದರು, ಇಲ್ಲೂ ಓದು ಎಂದರು. ಪಟ್ಟಿಯಲ್ಲಿ ಆ ಊರಿನ ಇಪ್ಪತ್ಮೂರು ಹೆಸರು, ಇಪ್ಪತ್ಮೂರು ಹೊಸ್ತಿಲು. ನಜಮುನ್ನಿಸಾ ಪರದೆಯ ಹಿಂದಿನಿಂದ ಎರಡೆರಡು ಸಲ ಓದಿಸಿ, ಹೆಬ್ಬೆರಳನ್ನಷ್ಟೇ ಹೊರಗೆ ಚಾಚಿದಳು. ನಿಂಬೆವ್ವನ ಮನೆ ಕೊನೆಯದು. ಅಷ್ಟರಲ್ಲಿ ಅಮೀನನ ಗಂಟಲು ಒಡೆದಿತ್ತು. ಒಂದೇ ಉಸಿರಿಗೆ ಅವಳ ಮನೆಯಲ್ಲಿ ಉಳಿದಿದ್ದ ಒಂದು ತಂಬಿಗೆ ನೀರನ್ನೂ ಕುಡಿದ.

"ನೀ ಎಲ್ಲಾ ಕಡೆ ಕೇಳೀಯಲ್ಲವ್ವ. ಮತ್ತ ಓದಬೇಕಾ?"

"ಅವರ ಮನಿ ಮುಂದ ಕೇಳೀನ್ರಿ. ನನ್ನ ಮನಿ ಮುಂದ ಯಾರೂ ಓದಿಲ್ಲ."

ಅವನು ಓದಿದ. ಅವಳು ತಲೆ ಎತ್ತಿ, ಅವನ ಬಾಯಿಯನ್ನೇ ನೋಡುತ್ತ ಕೇಳಿದಳು. "ತಕರಾರು ಅದ ಏನು?" ಎಂದ. "ಅದರಿ," ಎಂದು ಹೆಬ್ಬೆಟ್ಟು ಒತ್ತಿದಳು.

ಒಳಗಿದ್ದ ಮಾಳಿಂಗಪ್ಪ ರೂಢಿಯಂತೆ ಹೊರಗೆ ಬಂದು, ಪೆನ್ನಿಗಾಗಿ ಕೈ ಚಾಚಿದ.

"ಈ ಸಲ ಗಂಡಂದಿರ ಸಹಿಗೆ ಜಾಗಾ ಇಟ್ಟಿಲ್ರಿ," ಎಂದ ಅಮೀನ.

ಮಾಳಿಂಗಪ್ಪನ ಕೈ ಹಾಗೇ ನಿಂತಿತ್ತು. ಅವನು ಹಾಳೆಯನ್ನು ನೋಡಿದ, ಅಮೀನನನ್ನು ನೋಡಿದ. ನಿಂಬೆವ್ವ ಒಳಗೆ ಹೋಗಿ ಖಾಲಿ ಕೊಡ ತಂದು ಆ ಕೈಗೆ ಸಿಕ್ಕಿಸಿದಳು.

"ನೀರು ಮುಗದಾವ," ಎಂದಳು. "ಚಾವಡಿ ಮುಂದಿಂದನ ದಾರಿ."