ಸಕ್ಕರೆಯ ಸೀನಿಯಾರಿಟಿ

ಕೈಗಡಿಯಾರ ಅರ್ಧ ನಿಮಿಷ ಹಿಂದೆ ಬಿದ್ದರೂ ಗಿರಾಕಿಗೇ ಬುದ್ಧಿ ಹೇಳುತ್ತಿದ್ದ ಗಡಿಯಾರ ರಿಪೇರಿಯ ಯಜಮಾನರು, ತಮ್ಮ ಸಕ್ಕರೆ ಕಾಯಿಲೆಯನ್ನು ಮಾತ್ರ ಹತ್ತು ವರ್ಷ ಮುಂದಕ್ಕೆ ಓಡಿಸಿಟ್ಟಿದ್ದರು. ಅದು ಬಂದು ನಿಜಕ್ಕೂ ಎರಡೇ ವರ್ಷ. ಆದರೆ ಪಾರ್ಕಿನ ಬೆಂಚಿನಲ್ಲಿ ಎರಡು ವರ್ಷದವನನ್ನು ಮೂಸುವವರು ಯಾರು? ಅಲ್ಲಿ ಮರ್ಯಾದೆ ಹಳೇ ರೋಗಿಗೆ. ಬೇಕರಿಯವನು ‘ನಂದು ಹತ್ತು ವರ್ಷ’ ಎಂದ ದಿನವೇ ಇವರು ‘ನಂದು ಹನ್ನೆರಡು’ ಎಂದರು. ನೆರಳಿನ ಜಾಗವೂ ಗುರುಪೀಠವೂ ಒಟ್ಟಿಗೇ ಸಿಕ್ಕವು.

ಆರೋಗ್ಯ ವಿಮೆ ಮಾಡಿಸಿದ್ದು ನಾಲ್ಕು ವರ್ಷದ ಹಿಂದೆ. ‘ಮೊದಲೇ ಇರುವ ಕಾಯಿಲೆ?’ ಎಂಬ ಪ್ರಶ್ನೆಗೆ ‘ಇಲ್ಲ’ ಎಂದು ಬರೆದಿದ್ದರು. ಅಪ್ಪಟ ಸತ್ಯ. ತಮ್ಮ ಆರೋಗ್ಯದ ಬಗ್ಗೆ ಅವರಾಡಿದ ಕೊನೆಯ ಸತ್ಯವೂ ಅದೇ ಎನ್ನಿ.

ಕಾಲಿನ ಗಾಯ ಕೀವುಗಟ್ಟಿ ಆಸ್ಪತ್ರೆ ಸೇರಿದಾಗ ಬೆಂಚಿನ ಬಳಗ ಮಂಚದ ಸುತ್ತ ನೆರೆಯಿತು. ಹೆಂಡತಿ ಔಷಧಿ ತರಲು ಹೋಗಿದ್ದರು. “ಸಕ್ಕರೆ ಎಷ್ಟು ವರ್ಷದಿಂದ?” ಎಂದರು ಡಾಕ್ಟರಮ್ಮ. ಎದುರಿಗೆ ಬೇಕರಿಯವನು ನಿಂತಿರುವಾಗ ‘ಎರಡು’ ಎನ್ನಲು ನಾಲಿಗೆ ಹೊರಳೀತೆ? “ಹನ್ನೆರಡು!” ಎಂದರು, ಹಾರಕ್ಕೆ ಕೊರಳೊಡ್ಡಿದವರ ಹಾಗೆ. ಡಾಕ್ಟರಮ್ಮ ಬರೆದುಕೊಂಡರು.

ವಿಮೆ ಕಂಪನಿಗೆ ಅಷ್ಟೇ ಬೇಕಿತ್ತು. ‘ಹನ್ನೆರಡು ವರ್ಷದ ಕಾಯಿಲೆಯನ್ನು ಪಾಲಿಸಿ ಮಾಡಿಸುವಾಗ ಮುಚ್ಚಿಟ್ಟಿದ್ದೀರಿ, ಹಣ ಕೊಡಲಾಗದು’ ಎಂಬ ಪತ್ರ ಬಂತು. ಆಪರೇಷನ್ ಬಿಲ್ಲು ತುಂಬಲು ಅಂಗಡಿ ಮಾರುವುದೊಂದೇ ದಾರಿ. ಹೆಂಡತಿ ಬೀರು ಜಾಲಾಡಿ, ಮೊಟ್ಟಮೊದಲ ರಕ್ತಪರೀಕ್ಷೆಯ ವರದಿ ಹುಡುಕಿ ತೆಗೆದರು.

“ಎರಡೇ ವರ್ಷ ಆಗಿರೋದು. ಹನ್ನೆರಡು ಎಲ್ಲಿಂದ ಬಂತು?”

“ಅದು ಬೆಂಚಿನ ಲೆಕ್ಕ ಕಣೆ.”

“ಹಾಗಾದ್ರೆ ಬಿಲ್ಲನ್ನೂ ಬೆಂಚಿಗೇ ಕಳಿಸಿ!”

ಮರುಪರಿಶೀಲನೆಗೆ ಅರ್ಜಿ ಹೋಯಿತು. ಕಂಪನಿಯ ತನಿಖೆಯವನು ವಿಚಾರಿಸುತ್ತ ನೇರ ಪಾರ್ಕಿಗೇ ಬಂದ. ಬ್ಯಾಂಡೇಜಿನ ಕಾಲು ಚಾಚಿ ಯಜಮಾನರು ಕೂತಿದ್ದರು, ಪಕ್ಕದಲ್ಲಿ ಹೆಂಡತಿ. ಅವನು ಕೇಳಿದ್ದು ಬೇಕರಿಯವನನ್ನು.

“ಹನ್ನೆರಡಾ? ಯಾರ್ರೀ ಹೇಳಿದ್ದು! ಹದಿನೈದಕ್ಕೆ ಕಮ್ಮಿ ಇಲ್ಲ. ನಮ್ಮ ಗುರುಗಳು ಸಾರ್ ಇವರು!”

ಸ್ನೇಹಿತನೆಂದರೆ ಹೀಗಿರಬೇಕು. ಮುಳುಗುತ್ತಿರುವವನ ಕೊರಳಿಗೆ ಕಲ್ಲು ಕಟ್ಟುವಾಗಲೂ ಪ್ರೀತಿಯಿಂದಲೇ ಕಟ್ಟುತ್ತಾನೆ.

ತನಿಖೆಯವನು ಪೆನ್ನು ತೆಗೆದ. ಹೆಂಡತಿ ಗಂಡನ ಪಕ್ಕೆಗೆ ತಿವಿದರು. ಯಜಮಾನರು ಗುರುಪೀಠವನ್ನೊಮ್ಮೆ ನೋಡಿದರು, ಅಂಗಡಿಯನ್ನೊಮ್ಮೆ ನೆನೆದರು, ಕೋಲೂರಿ ಎದ್ದರು.

“ಬರೀಬೇಡಿ ಸಾರ್. ಎರಡೇ ವರ್ಷ. ಈ ಬೆಂಚಲ್ಲಿ ಎಲ್ರಿಗಿಂತ ಹೊಸಬ ನಾನೇ.” ಹೆಂಡತಿಯ ಕೈಚೀಲದಿಂದ ಆ ವರದಿ ತೆಗೆದು ಮುಂದೆ ಹಿಡಿದರು.

ತನಿಖೆಯವನು ತಾರೀಖು ನೋಡಿದ. “ಡಾಕ್ಟರ ಹತ್ರ ತಿದ್ದುಪಡಿ ಪತ್ರ ಬರೆಸಿ ಕೊಡಿ. ಪಾಲಿಸಿ ಆದ್ಮೇಲೆ ಬಂದ ಕಾಯಿಲೆ ಇದು, ಕ್ಲೇಮು ಪಾಸಾಗುತ್ತೆ,” ಎಂದು ಹೊರಟ.

ಬೇಕರಿಯವನು ಧಡಕ್ಕನೆ ಎದ್ದು ಯಜಮಾನರ ಎದುರು ನಿಂತ.

“ಅಯ್ಯೋ ಪಾಪಿ! ಹತ್ತು ವರ್ಷದ ರೋಗಿ ಕಣೋ ನಾನು! ನಿನ್ನೆ ಮೊನ್ನೆ ಬಂದವನ ಮಾತು ಕೇಳಿ ದಿನಾ ಬೆಳಿಗ್ಗೆ ಹಾಗಲಕಾಯಿ ರಸ ಕುಡಿದ್ನಲ್ಲೋ!”