ಮೂರಕ್ಕೆ ಮೂರು

ಗಂಜಿ ಉಣ್ಣಲು ಕೂತ ನನ್ನ ತಮ್ಮ ಮಂಜ ಬಟ್ಟಲು ಎತ್ತಲಾರದೆ ನಡುಗಿದ. ಶುರುವಾದದ್ದು ಹಾಗೆ.

ಚಳಿಗಾಲ, ಚಳಿ ಎಲ್ಲರಿಗೂ ಇದೆ ಎಂದು ನಾನು ತಲೆ ಕೆಡಿಸಿಕೊಳ್ಳಲಿಲ್ಲ. ಒಲೆಯ ಮುಂದೆ ಕೂರಿಸಿದೆ. ಎರಡು ಕಂಬಳಿ ಹೊದೆಸಿದೆ. ಹಲ್ಲು ಕಟಕಟಿಸುವುದು ನಿಲ್ಲಲಿಲ್ಲ. ಸ್ವಲ್ಪ ಹೊತ್ತಿಗೆ ಮೈ ಕಾದ ಕಾವಲಿಯಾಯಿತು. ಎಡತೊಡೆಯ ಸಂದಿನಲ್ಲಿ ನೋವು ಎಂದ. ಪಂಚೆ ಸರಿಸಿ ನೋಡಿದರೆ ಅಲ್ಲೊಂದು ಗಂಟು, ಅಲ್ಲಿಂದ ಮೊಣಕಾಲಿನವರೆಗೆ ಒಂದು ಕೆಂಪು ಗೆರೆ.

ಮಾರನೆಯ ದಿನ ಯಡ್ತರೆಯ ಕಡೆ ಕಂಬಳ. ಕೋಣಗಳು ಆಗಲೇ ಮುಂದೆ ಹೋಗಿದ್ದವು. ಮಂಜ ಅಲ್ಲಿ ಓಡಬೇಕಿತ್ತು.

ನಾನು ಎಲಿಮೆಂಟರಿ ಶಾಲೆಯ ಟೀಚರು. ನಮ್ಮೂರು ಕೆರಾಡಿಯಿಂದ ಈಚೆ, ಕುಂದಾಪುರಕ್ಕೆ ಎತ್ತಿನ ಗಾಡಿಯಲ್ಲಿ ಅರ್ಧ ದಿನದ ದಾರಿ. ನಮ್ಮಲ್ಲಿ ಮನೆ ಹೆಣ್ಣಿನ ಕಡೆಗೆ ಬರುತ್ತದೆ, ಹಾಗಾಗಿ ಅಮ್ಮ ತೀರಿದ ಮೇಲೆ ಮನೆ ನನ್ನದು. ಗಂಡ ಬೊಂಬಾಯಿಯ ಹೋಟೆಲಿನಲ್ಲಿದ್ದಾರೆ. ಬೇಸಾಯ ಮಂಜನದು, ಉಳಿದದ್ದೆಲ್ಲ ನನ್ನ ತಲೆಗೆ. ಈಗ ಅವನ ಕಾಲೂ ನನ್ನ ತಲೆಗೇ ಬಂತು.

ಅವನು ಕೋಣದ ಹಿಂದೆ ಹಗ್ಗ ಹಿಡಿದು ಓಡುವವನು. ಅದನ್ನು ನೋಡಿದವರಿಗೆ ವಿವರಿಸಬೇಕಾಗಿಲ್ಲ, ನೋಡದವರಿಗೆ ಎಷ್ಟು ಹೇಳಿದರೂ ಸಾಲದು. ಮೊಣಕಾಲುದ್ದ ಕೆಸರು ನೀರಿನಲ್ಲಿ ಎರಡು ಕೋಣ ಜೀವ ಬಿಟ್ಟು ಓಡುತ್ತವೆ, ಅವುಗಳ ಹಿಂದೆ ಮನುಷ್ಯ ಅಷ್ಟೇ ವೇಗದಲ್ಲಿ ಓಡಬೇಕು. ನಮ್ಮ ಕಡೆ ಒಂದು ಜೋಡಿ ಓಡಿ ಮುಗಿದ ಮೇಲೆ ಇನ್ನೊಂದು. ಗಡಿಯಾರ ಇಲ್ಲ. ಗದ್ದೆಯ ಅಂಚಿನಲ್ಲಿ ನಿಂತ ನಾಲ್ಕು ಜನ ಹಿರಿಯರು ಯಾರು ಮೇಲು ಅಂದರೆ ಅವರು ಮೇಲು. ಹಾಗಾಗಿ ಕಂಬಳ ಒಂದು ದಿನಕ್ಕೆ ಮುಗಿದರೂ ಅದರ ಚರ್ಚೆ ಮುಂದಿನ ವರ್ಷದವರೆಗೂ ಮುಗಿಯುವುದಿಲ್ಲ.

ಆ ವರ್ಷದ ಚರ್ಚೆ ಇಬ್ಬರದು. ನನ್ನ ತಮ್ಮ ಮೂರು ಕಂಬಳದಲ್ಲಿ ಓಡಿ ಮೂರನ್ನೂ ಗೆದ್ದಿದ್ದ. ಯಡ್ತರೆಯ ಶೀನ ಎಂಬವನು ಆರರಲ್ಲಿ ಓಡಿ ಐದು ಗೆದ್ದಿದ್ದ. ಇಬ್ಬರೂ ಒಂದೇ ಗದ್ದೆಗೆ ಇಳಿಯಬೇಕಿದ್ದದ್ದು ಯಡ್ತರೆಯ ಆ ಕಂಬಳದಲ್ಲಿ. ಇಳಿಯಲಿಲ್ಲ.

ಮೂರು ದಿನಕ್ಕೆ ಜ್ವರ ಬಿಟ್ಟಿತು. ಕಾಲಿನ ಊತ ಬಿಡಲಿಲ್ಲ. ಪಾದದ ಗಂಟು ಎಲ್ಲಿದೆ ಎಂದು ಹುಡುಕಬೇಕಾಗಿತ್ತು.

ಆಗ ಜನ ಬರತೊಡಗಿದರು. ರೋಗಿಯನ್ನು ನೋಡಲು ಬಂದವರು ಎಂದು ನಾನು ಜಗಲಿಯಲ್ಲಿ ಚಾಪೆ ಹಾಸಿ ಬೆಲ್ಲ ನೀರು ಕೊಟ್ಟೆ. ಅವರು ಬಂದದ್ದು ರೋಗಿಯನ್ನು ನೋಡಲಲ್ಲ. ಮೂರಕ್ಕೆ ಮೂರು ಹೆಚ್ಚೋ ಆರಕ್ಕೆ ಐದು ಹೆಚ್ಚೋ ಎಂದು ತೀರ್ಮಾನಿಸಲು. ಸೋದರಮಾವ ನಾಗಪ್ಪ ಮಂಜನ ಕಡೆ. ಒಂದು ಸೋಲೂ ಕಾಣದವನ ಮುಂದೆ ಸೋತವನು ಹೇಗೆ ನಿಲ್ಲುತ್ತಾನೆ ಎಂದು ಅವರ ವಾದ. ಗಂಗೊಳ್ಳಿಯಿಂದ ಒಣಮೀನು ತಂದು ಊರೂರು ಮಾರುವ ಕೊಗ್ಗಣ್ಣ ಶೀನನ ಕಡೆ. ಯಡ್ತರೆ, ಬೈಂದೂರಿನ ಕಡೆಯ ಸುದ್ದಿಯೆಲ್ಲ ಮೀನಿನ ಜೊತೆಗೆ ಅವನ ಬುಟ್ಟಿಯಲ್ಲೇ ಬರುವುದು. ಅಲ್ಲಿಯ ಗದ್ದೆಗಳಲ್ಲಿ ಕೆಸರು ಆಳ, ಇಲ್ಲಿಯದು ಅಂಗಳದ ಹಾಗೆ, ಇಲ್ಲಿ ಯಾರು ಬೇಕಾದರೂ ಓಡಬಹುದು ಎಂದು ಅವನು. ಗೆದ್ದದ್ದು ಕೋಣವೋ ಮನುಷ್ಯನೋ ಎಂದು ಮತ್ತೊಬ್ಬ ಹೊಸ ತಕರಾರು ತೆಗೆಯುತ್ತಿದ್ದ. ಬೆಲ್ಲ ಮುಗಿಯಿತು. ಯುದ್ಧಕಾಲ, ರೇಷನ್ನಿನ ಸಕ್ಕರೆ ನಮ್ಮೂರಿಗೆ ಬರುವುದೇ ಅಪರೂಪ. ಬರೀ ನೀರು ಕೊಟ್ಟೆ. ಅದನ್ನೂ ಕುಡಿದು ಕೂತರು.

ಒಳಗೆ ನಾನು ಮಂಜನ ಕಾಲಿಗೆ ಬಿಸಿನೀರಿನ ಶಾಖ ಕೊಡುತ್ತಿದ್ದೆ. ಒಬ್ಬರಾದರೂ ಒಂದು ಬಿಂದಿಗೆ ನೀರು ಸೇದಿ ಕೊಡಬಾರದೇ ಅನ್ನಿಸುತ್ತಿತ್ತು. ಶಾಲೆಯಲ್ಲಾದರೆ ಇಷ್ಟು ಗಲಾಟೆಗೆ ಎಲ್ಲರನ್ನೂ ಬೆಂಚಿನ ಮೇಲೆ ನಿಲ್ಲಿಸುತ್ತಿದ್ದೆ.

ಒಂದು ದಿನ ಕೊಗ್ಗಣ್ಣನ ಮಾತು ಒಳಗೆ ಕೇಳಿಸಿತು.

"ಹ್ವಾಯ್, ಜ್ವರವೂ ಒಳ್ಳೆ ದಿನ ಕಂಡ್ಕಂಡೇ ಬಂದಿತ್ತ್, ಅಲ್ದಾ?"

ಜಗಲಿಯಲ್ಲಿ ನಗು.

ಮಂಜನ ಮುಖ ನೋಡಿದೆ. ಅವನು ಗೋಡೆಯ ಕಡೆ ತಿರುಗಿದ. "ಅಕ್ಕ, ನಾ ಹೆದ್ರಿ ಮನಿಕಂಡದ್ದಲ್ಲ," ಎಂದ. ನನಗೆ ಗೊತ್ತು ಎಂದೆ. ನನಗೆ ಗೊತ್ತಿದ್ದರೆ ಅವನಿಗೇನು ಪ್ರಯೋಜನ?

ಅಂದಿನಿಂದ ಅವನದೊಂದು ಹುಚ್ಚು ಶುರುವಾಯಿತು. ಯಾರಾದರೂ ಬಂದ ಸದ್ದು ಕೇಳಿದರೆ ಸಾಕು, ಪಂಚೆಯನ್ನು ಪಾದದವರೆಗೆ ಬಿಟ್ಟು, ಕುಂಟದೆ ಜಗಲಿಗೆ ನಡೆದು ಹೋಗಿ ಎಲ್ಲರೊಡನೆ ಕೂರುವುದು. ಎಲ್ಲ ಸರಿಯಾಗಿದೆ, ಬರುವ ಕಂಬಳಕ್ಕೆ ಬರುತ್ತೇನೆ ಎನ್ನುವುದು. ಅವರು ಹೋದ ಮೇಲೆ ಒಳಗೆ ಬಂದು ಬಿದ್ದರೆ ಕಾಲು ಮುಟ್ಟಗೊಡುತ್ತಿರಲಿಲ್ಲ. ನಾನು ಬೈದೆ. ಅತ್ತೂ ನೋಡಿದೆ. ಊಟ ಬಡಿಸುವುದಿಲ್ಲ ಎಂದೆ. ಅವನು ಕೇಳಲಿಲ್ಲ. ಅಮಾವಾಸ್ಯೆಯ ಹೊತ್ತಿಗೆ ಮತ್ತೆ ಚಳಿಜ್ವರ ಬಂತು, ಹುಣ್ಣಿಮೆಗೆ ಇನ್ನೊಮ್ಮೆ.

ಆಗ ನಾಗಪ್ಪ ಮಾವ ಒಂದು ಉಪಾಯ ತಂದರು. ಬಾಳೆ ಎಲೆಯಲ್ಲಿ ಕಟ್ಟಿ ತಂದದ್ದು ಮಣ್ಣು. ನಮ್ಮೂರ ಕಂಬಳ ಗದ್ದೆಯ ಕೆಸರು. ಮೈಮೇಲೆ ಕಜ್ಜಿ ಎದ್ದವರು ಆ ಗದ್ದೆಗೆ ಹರಕೆ ಹೇಳಿ ಇಳಿಯುವುದು ಹಿಂದಿನಿಂದ ನಡೆದು ಬಂದದ್ದು, ನಾನೂ ಚಿಕ್ಕಂದಿನಲ್ಲಿ ಇಳಿದಿದ್ದೇನೆ.

"ಈ ಮಣ್ಣಂಗೆ ಬಿದ್ದ್ ಎದ್ದ್ ಬೆಳ್ದ್ ಕಾಲ್ ಅದ್," ಎಂದರು ಮಾವ. "ಮಣ್ಣೇ ಗುಣ ಮಾಡುತ್ತ್."

ನಾನು ಟೀಚರು. ಗಾಯಕ್ಕೆ ಮಣ್ಣು ತಾಗಿಸಬಾರದು ಎಂದು ಎರಡನೇ ಕ್ಲಾಸಿನ ಮಕ್ಕಳಿಗೆ ಹೇಳಿಕೊಡುವವಳು. ಮಂಜನ ಕಿರುಬೆರಳ ಸಂದಿನಲ್ಲಿ ಚರ್ಮ ಒಡೆದಿದ್ದದ್ದು ನನ್ನ ಕಣ್ಣಿಗೆ ಕಂಡಿತ್ತು. ಆದರೆ ಅವನು ಆ ಮಣ್ಣನ್ನು ನೋಡಿದ ರೀತಿ ನೋಡಿ ನನ್ನ ಬುದ್ಧಿ ಎಲ್ಲಿಗೆ ಹೋಯಿತೋ. ಇಷ್ಟು ದಿನದಲ್ಲಿ ಮೊದಲ ಸಲ ಅವನ ಮುಖದಲ್ಲಿ ಗೆಲುವು ಬಂದಿತ್ತು. ಅಷ್ಟಕ್ಕೂ ನನಗೂ ಒಳಗೊಳಗೆ ನಂಬಿಕೆ ಇತ್ತು, ಇಲ್ಲ ಎಂದರೆ ಸುಳ್ಳಾಗುತ್ತದೆ. ಪಾದದಿಂದ ಮೊಣಕಾಲಿನವರೆಗೆ ನಾನೇ ಮೆತ್ತಿದೆ.

ಮೂರು ದಿನ ಮೆತ್ತಿದೆ.

ನಾಲ್ಕನೆಯ ದಿನ ಕಾಲು ಮಿರಿಮಿರಿ ಹೊಳೆಯುತ್ತಿತ್ತು. ಬೆರಳ ಸಂದಿನಿಂದ ಕೀವು. ಅವನು ನನ್ನನ್ನು ಅಮ್ಮ ಎಂದು ಕರೆಯುತ್ತಿದ್ದ. ಗಾಡಿಯಲ್ಲಿ ಹುಲ್ಲು ಹಾಸಿ ಮಲಗಿಸಿ ಹೊರಟೆವು. ದಾರಿಯ ಪ್ರತಿ ಕಲ್ಲಿಗೂ ಅವನು ನರಳಿದ, ಪ್ರತಿ ನರಳಿಕೆಗೂ ನಾನು ನನ್ನನ್ನೇ ಬೈದುಕೊಂಡೆ. ಕುಂದಾಪುರದ ಆಸ್ಪತ್ರೆ ಮುಟ್ಟುವಾಗ ಮಧ್ಯಾಹ್ನ ದಾಟಿತ್ತು.

ಡಾಕ್ಟರು ಕಾಲು ತೊಳೆಸಿದರು. ಬೇಸಿನ್ನಿನ ನೀರು ಕೆಂಪುಮಣ್ಣಿನ ಬಣ್ಣಕ್ಕೆ ತಿರುಗಿತು. ಇದನ್ನು ಹಚ್ಚಿದವರು ಯಾರು ಎಂದು ಕೇಳಿದರು. ಜೊತೆಗೆ ಬಂದಿದ್ದ ಮಾವ ಕಿಟಕಿಯ ಹೊರಗೆ ನೋಡುತ್ತಿದ್ದರು.

ನಾನು, ಎಂದೆ.

ಅವರು ಬೈಯಲಿಲ್ಲ. ಬೈದಿದ್ದರೆ ಹಗುರವಾಗುತ್ತಿತ್ತು. ಇದು ಫೈಲೇರಿಯಾ, ಆನೆಕಾಲು ರೋಗ, ಸೊಳ್ಳೆಯಿಂದ ಬರುವುದು, ಮಣ್ಣಿನಿಂದ ಬಂದದ್ದಲ್ಲ ಎಂದರು. ಮಣ್ಣಿನಿಂದ ಆದದ್ದು ಸೆಪ್ಟಿಕ್. ಸೆಪ್ಟಿಕ್ಕಿಗೆ ಮಾತ್ರೆ ಇದೆ, ಸಿಗುವುದು ಕಷ್ಟ, ನೋಡೋಣ ಎಂದರು. ಕಾಲಿನ ಊತಕ್ಕೆ ಮಾತ್ರ ತಮ್ಮ ಹತ್ತಿರ ಮದ್ದಿಲ್ಲ ಎಂದರು.

"ಜೀವಕ್ಕೆ ಭಯವಿಲ್ಲ. ಆದರೆ ಈ ಕಾಲು ಇನ್ನು ಕೆಸರಿಗೆ ಇಳಿಯಬಾರದು."

ಮಂಜನಿಗೆ ಎಚ್ಚರವಿತ್ತು. ಕೇಳಿಸಿಕೊಂಡ.

ಹದಿನೇಳು ದಿನ ವಾರ್ಡಿನಲ್ಲಿದ್ದೆವು. ಅಲ್ಲಿಯಾದರೂ ಈ ಚರ್ಚೆಯಿಂದ ಬಿಡುಗಡೆ ಎಂದುಕೊಂಡಿದ್ದೆ. ದಿನಾ ಡ್ರೆಸ್ಸಿಂಗ್ ಮಾಡುವ ಕಂಪೌಂಡರು ಬ್ರಹ್ಮಾವರದವರು. ರೋಗಿ ಯಾರೆಂದು ಗೊತ್ತಾದ ಕೂಡಲೇ ಅವರ ಕೈ ನಿಧಾನವಾಯಿತು, ಬಾಯಿ ಚುರುಕಾಯಿತು. ಮಂಜನೂ ಅಲ್ಲ, ಶೀನನೂ ಅಲ್ಲ, ತಮ್ಮ ಕಡೆ ಒಬ್ಬ ಹೊಸ ಓಟಗಾರನಿದ್ದಾನೆ, ಬರುವ ವರ್ಷ ನೋಡಿ ಎಂದು ಅವರ ಹೇಳಿಕೆ. ಮಾತಿನ ಭರದಲ್ಲಿ ಸುತ್ತಿದ ಬ್ಯಾಂಡೇಜ್ ಅವರು ಬಾಗಿಲು ದಾಟುವುದರೊಳಗೆ ಬಿಚ್ಚಿಕೊಂಡಿತು. ಕೀವು ಬರುವ ಕಾಲನ್ನು ಕೈಯಲ್ಲಿ ಹಿಡಿದುಕೊಂಡು ಕಂಬಳದ ಮಾತಾಡುತ್ತೀರಲ್ಲ, ನಿಮಗೆ ಮನುಷ್ಯರ ಕಾಲು ಕಾಣಿಸುತ್ತದೋ ಇಲ್ಲವೋ ಎಂದು ಕೇಳಿಯೇಬಿಟ್ಟೆ. ಮಂಜ ಕಣ್ಣು ಮುಚ್ಚಿಕೊಂಡ. ಮರುದಿನದಿಂದ ಅವರು ಬ್ಯಾಂಡೇಜ್ ಗಟ್ಟಿಯಾಗಿ ಸುತ್ತಿದರು, ಒಂದು ಮಾತೂ ಆಡಲಿಲ್ಲ. ಹೇಗೆ ಸುತ್ತಬೇಕೆಂದು ನಾನು ಅವರ ಕೈ ನೋಡಿಯೇ ಕಲಿತೆ. ಬೆರಳಿನ ಬುಡದಿಂದ ಶುರುಮಾಡಿ ಮೇಲಕ್ಕೆ, ಕೆಳಗೆ ಬಿಗಿ, ಮೇಲೆ ಸಡಿಲ, ಬೆಳಿಗ್ಗೆ ಕಾಲು ನೆಲಕ್ಕೆ ಇಡುವ ಮೊದಲು.

ಮನೆಗೆ ಬಂದ ಮೇಲೆ ಅದೇ ನಮ್ಮ ದಿನಚರಿ. ಬಟ್ಟೆಯನ್ನೂ ಕಂಟ್ರೋಲಿನಲ್ಲಿ ಅಳೆದು ಕೊಡುತ್ತಿದ್ದ ಕಾಲ, ಬ್ಯಾಂಡೇಜಿಗೆ ಬಟ್ಟೆ ಎಲ್ಲಿಂದ ತರಲಿ? ನನ್ನ ಮದುವೆಯ ಹತ್ತಿಸೀರೆ ಪೆಟ್ಟಿಗೆಯಲ್ಲಿತ್ತು. ಹರಿದು ಪಟ್ಟಿ ಮಾಡಿದೆ. ಎರಡು ಪಟ್ಟಿ ಕಾಲಿಗೆ, ಎರಡು ಬಿಸಿಲಿಗೆ. ಬೆಳಿಗ್ಗೆ ಸೋಪು ಹಾಕಿ ತೊಳೆದು, ಬೆರಳ ಸಂದು ಒರೆಸಿ, ಸುತ್ತಿ, ಆಮೇಲೆ ನಾನು ಶಾಲೆಗೆ ಓಡುವುದು. ಕೆಲವು ದಿನ ಸಿಟ್ಟಿನಲ್ಲಿ ಪಟ್ಟಿಯನ್ನು ಜಾಸ್ತಿ ಬಿಗಿದು, ಬಿಚ್ಚಿ ಮತ್ತೆ ಸುತ್ತುತ್ತಿದ್ದೆ. ಸೊಳ್ಳೆಯ ಮೇಲೆ ಸಿಟ್ಟು, ಮಾವನ ಮೇಲೆ, ಕೊಗ್ಗಣ್ಣನ ಮೇಲೆ, ಎಲ್ಲಕ್ಕಿಂತ ಹೆಚ್ಚು ನನ್ನ ಈ ಎರಡು ಕೈಗಳ ಮೇಲೆ. ಗದ್ದೆಯ ಕೆಲಸಕ್ಕೆ ಆಳು ಹಿಡಿದೆವು. ಮಂಜ ಅಂಚಿನ ಮೇಲೆ ಕೂತು ಹೇಳಿಕೊಡುತ್ತಿದ್ದ.

ಕೋಣಗಳನ್ನು ಮಾವನ ಕೊಟ್ಟಿಗೆಗೆ ಕಳಿಸಿದೆವು. ಹೊಡೆದುಕೊಂಡು ಹೋಗುವಾಗ ಅವನು ಹೊರಗೆ ಬರಲಿಲ್ಲ.

ಮಳೆಗಾಲ ಕಳೆಯಿತು. ಜ್ವರ ತಿಂಗಳಿಗೆರಡು ಸಲ ಬರುತ್ತಿದ್ದದ್ದು ನಾಲ್ಕು ತಿಂಗಳಲ್ಲಿ ಎರಡೇ ಸಲ ಬಂತು. ಊತ ಸ್ವಲ್ಪ ಇಳಿದಿದೆ. ಇಳಿದಿದೆ ಎಂದು ಗಟ್ಟಿಯಾಗಿ ಹೇಳಲು ಈಗಲೂ ಹೆದರಿಕೆ.

ಜನ ಬರುವುದು ನಿಂತಿತ್ತು. ಜಗಲಿ ಖಾಲಿ. ನಾನು ಬೇಡಿಕೊಂಡದ್ದು ಅದನ್ನೇ ಅಲ್ಲವೇ?

ಮೊನ್ನೆ ಈ ವರ್ಷದ ಮೊದಲ ಕಂಬಳ ಮುಗಿಯಿತು. ಅಲ್ಲಿಂದ ಬರುವ ದಾರಿಯಲ್ಲಿ ನೀರು ಕುಡಿಯಲೆಂದು ಮಾವ, ಕೊಗ್ಗಣ್ಣ, ಇನ್ನಿಬ್ಬರು ನಮ್ಮ ಜಗಲಿಗೆ ಹತ್ತಿದರು. ಮಂಜ ಮಣೆಯ ಮೇಲೆ ಕಾಲು ಎತ್ತಿಟ್ಟುಕೊಂಡು ಕೂತಿದ್ದ. ಹೇಗಿದ್ದೀ ಎಂದು ಕೇಳಿದರು, ಇದ್ದೇನೆ ಎಂದ. ಆಮೇಲೆ ಚರ್ಚೆ ಶುರುವಾಯಿತು. ಯಡ್ತರೆಯ ಶೀನ ಮೇಲೋ, ಬ್ರಹ್ಮಾವರದ ಕಡೆಯ ಆ ಹೊಸಬ ಮೇಲೋ. ಕಂಪೌಂಡರು ಹೇಳಿದ್ದವನೇ ಇರಬೇಕು. ನಾಗಪ್ಪ ಮಾವ, ನನ್ನ ಸ್ವಂತ ಮಾವ, ಹೊಸಬನ ಕಡೆ ವಾದಿಸುತ್ತಿದ್ದರು.

ಮಂಜನ ಹೆಸರು ಬರಲಿಲ್ಲ. ಯಾರೂ ಬೇಕೆಂದು ಬಿಟ್ಟದ್ದಲ್ಲ, ನೆನಪಾಗಲಿಲ್ಲ ಅಷ್ಟೆ. ಅವನು ಒಬ್ಬೊಬ್ಬರ ಮುಖವನ್ನೂ ನೋಡುತ್ತಿದ್ದ, ಈಗ ಬರುತ್ತದೆ, ಈಗ ಬರುತ್ತದೆ ಎನ್ನುವ ಹಾಗೆ. ಸ್ವಲ್ಪ ಹೊತ್ತಿನ ಮೇಲೆ ನೋಡುವುದನ್ನು ಬಿಟ್ಟು ಪಟ್ಟಿಯ ತುದಿಯನ್ನು ಸರಿಮಾಡತೊಡಗಿದ. ಅದು ಸರಿಯಾಗಿಯೇ ಇತ್ತು.

ನನ್ನ ಕೈಯಲ್ಲಿ ನೀರಿನ ಚೊಂಬಿತ್ತು. ಧಡಕ್ಕನೆ ಇಟ್ಟೆ.

"ಕೊಗ್ಗಣ್ಣ, ಹೋದ್ ವರ್ಷ ಮೂರ್ ಗದ್ದೆಗಿಳ್ದ್ ಮೂರೂ ಗೆದ್ದದ್ದ್ ಯಾರ್? ಅಷ್ಟ್ ಬೇಗ ಮರ್ತ್ ಹೋಯ್ತಾ?"

ಎಲ್ಲರೂ ನನ್ನನ್ನು ನೋಡಿದರು. ನಾನು ನಿಲ್ಲಿಸಲಿಲ್ಲ. ಹೋದ ವರ್ಷ ಗೋಡೆಯ ಆಚೆಯಿಂದ ಕೇಳಿಸಿಕೊಂಡದ್ದೆಲ್ಲ ನಾಲಗೆಯ ತುದಿಯಲ್ಲಿತ್ತು. ಸೋಲು ಕಾಣದವನು, ಅದೂ ವಯಸ್ಸಾದ ಕೋಣಗಳ ಜೋಡಿ ಹಿಡಿದು ಓಡಿದವನು, ಎರಡನೆಯ ಕಂಬಳದಲ್ಲಿ ಹಗ್ಗ ಜಾರಿದರೂ ಬಿಡದೆ ಗುರಿ ಮುಟ್ಟಿಸಿದವನು. ಆರರಲ್ಲಿ ಒಂದು ಸೋತವನ ಸುದ್ದಿ ನನ್ನ ಜಗಲಿಯಲ್ಲಿ ಬೇಡ ಎಂದೆ. ಹಗ್ಗ ಜಾರಿದ್ದು ಎರಡನೆಯದರಲ್ಲಲ್ಲ, ಮೊದಲನೆಯದರಲ್ಲಿ ಎಂದು ಮಂಜ ತಿದ್ದಿದ. ಕೊಗ್ಗಣ್ಣನಿಗೆ ಹುರುಪು ಬಂತು, ಆಳದ ಕೆಸರಿನ ಹಳೆಯ ವಾದ ತೆಗೆದ. ಮಾವ ನಾಚಿಕೊಂಡು ಮತ್ತೆ ನಮ್ಮ ಕಡೆಗೆ ಬಂದರು. ಜಗಲಿ ಗದ್ದಲವಾಯಿತು. ಕಡೆಗೆ ಕೊಗ್ಗಣ್ಣನೇ ಮಂಜನ ಕಡೆ ತಿರುಗಿ, ನೀನೇ ಹೇಳು ಎಂದ. ಆ ಮಾತಿನಲ್ಲಿ ಕೊಂಕಿರಲಿಲ್ಲ.

ಮಂಜ ನನ್ನನ್ನು ನೋಡಿ ಹೇಳಿದ: "ಶೀನನೇ ಮೇಲ್, ಅಕ್ಕ. ಆರ್ ಗದ್ದೆ ಓಡುಕೆ ಕಾಲ್ ಬೇಕ್. ಅವ್ನ್ ಕಾಲ್ ತಡ್ಕಂಡಿತ್ತ್, ನಂದ್ ತಡ್ಕಂಡಿಲ್ಲೆ."

ಕೊಗ್ಗಣ್ಣ ಗೆದ್ದಿದ್ದ, ಆದರೂ ತಲೆ ತಗ್ಗಿಸಿದ. ಹೋಗುವಾಗ, ಹೇಳದೆಯೇ, ಬಾವಿಯಿಂದ ಎರಡು ಬಿಂದಿಗೆ ನೀರು ಸೇದಿ ಹಿಂಬಾಗಿಲಲ್ಲಿ ಇಟ್ಟು ಹೋದ.

ಸೀರೆಯ ಪಟ್ಟಿ ಇನ್ನೊಂದು ವರ್ಷ ಬಾಳಬಹುದು. ಕಾಲು ಇದೆ, ತಮ್ಮ ಇದ್ದಾನೆ, ಅಷ್ಟಕ್ಕೆ ದೇವರಿಗೆ ಕೈಮುಗಿಯುತ್ತೇನೆ. ಆದರೆ ಅವನ ತೀರ್ಪನ್ನು ನಾನು ಒಪ್ಪಿಲ್ಲ. ಇವತ್ತು ಬೆಳಿಗ್ಗೆ ಪಟ್ಟಿ ಸುತ್ತುವಾಗಲೂ ಹೇಳಿದೆ, ಮೂರಕ್ಕೆ ಮೂರು ಅಂದರೆ ಮೂರಕ್ಕೆ ಮೂರೇ ಎಂದು. ಪಟ್ಟಿ ಸಡಿಲವಾಯಿತು, ಮಾತು ನಿಲ್ಲಿಸಿ ಮತ್ತೆ ಸುತ್ತು ಎಂದ.