ನಾನು ಕರೆಯದ ಹೆಸರು

ನನ್ನ ಗಂಡನ ಹೆಸರು ನಾನು ಹೇಳುವುದಿಲ್ಲ. ನಮ್ಮ ನರಿನ್ ಕಣಿವೆಯಲ್ಲಿ ಮದುವೆಯಾಗಿ ಬಂದ ಹೆಣ್ಣು ಗಂಡನ ಹೆಸರನ್ನಾಗಲಿ ಮಾವನ ಹೆಸರನ್ನಾಗಲಿ ಬಾಯಿಗೆ ತರುವಂತಿಲ್ಲ. ಆ ಹೆಸರಿನೊಳಗಿನ ಪದವನ್ನೂ ಆಡುವಂತಿಲ್ಲ. ಇವರ ಹೆಸರಿನಲ್ಲಿ, ಕುದುರೆಯ ಲಾಳ ಯಾವುದರಿಂದ ಮಾಡುತ್ತಾರೋ ಅದು ಇದೆ. ನನಗೆ ಅದು ‘ಗಟ್ಟಿ’. ಗಟ್ಟಿಯ ಬಾಣಲೆ, ಗಟ್ಟಿಯ ಒಲೆ, ಗಟ್ಟಿಯ ಮೊಳೆ. ಅಂಗಡಿಯವನಿಗೆ ಅರ್ಥವಾಗುತ್ತದೆ, ಅವನ ಹೆಂಡತಿಗೂ ಇಂಥದ್ದೊಂದು ಇದೆ.

ಇವರು ಮಾತ್ರ ನಗುತ್ತಿದ್ದರು. ಕಾಲೇಜಿನಲ್ಲಿ ತತ್ವಶಾಸ್ತ್ರದ ಮೇಷ್ಟ್ರು. ಊರಿಗೆಲ್ಲ ಮೇಷ್ಟ್ರು, ನನಗೂ ಮೇಷ್ಟ್ರೇ. ಹೆಸರು ಹಿಡಿದು ಕರೆಯುತ್ತಿದ್ದವರು ಅತ್ತೆ ಒಬ್ಬರೇ, ಅವರು ತೀರಿಕೊಂಡು ಎಷ್ಟೋ ಕಾಲವಾಯಿತು.

“ಬುರುಲ್, ಹೆಸರು ಅಂದ್ರೆ ಬರೀ ಗಂಟಲಿನ ಗಾಳಿ ಕಣೇ. ಒಂದ್ಸಲ ಕರಿ, ಆಕಾಶ ಕಳಚಿ ಬೀಳುತ್ತಾ ನೋಡೋಣ.”

“ಅದನ್ನೆಲ್ಲ ಕಾಲೇಜಲ್ಲಿ ಹೇಳ್ಕೊಳ್ಳಿ. ಚಹಾ ಆರುತ್ತೆ, ಕುಡೀರಿ ಮೇಷ್ಟ್ರೇ.”

ಇವರ ಪಾಠ ನನಗೆ ಬಾಯಿಪಾಠ. ದೇಹ ಬಿಟ್ಟು ಮನಸ್ಸಿಲ್ಲ, ಮಾತು ಬಿಟ್ಟು ಯೋಚನೆಯಿಲ್ಲ, ಮನುಷ್ಯರಲ್ಲಿ ಮೇಲುಕೀಳಿಲ್ಲ. ಸೋವಿಯತ್ ಸರ್ಕಾರ ಬಿತ್ತು, ಬಾವುಟ ಬದಲಾಯಿತು, ಗೋಡೆಯ ಮೇಲಿದ್ದ ಗಡ್ಡದವರ ಪಟಗಳು ಉಗ್ರಾಣ ಸೇರಿದವು. ಇವರ ಭಾಷಣಕ್ಕೆ ಎಲ್ಲರಿಗಿಂತ ಜೋರಾಗಿ ಚಪ್ಪಾಳೆ ತಟ್ಟುತ್ತಿದ್ದ ಪ್ರಾಂಶುಪಾಲ ಹೋಟೆಲು ತೆರೆದ. ಇವರ ಪಾಠವನ್ನೇ ತೆಗೆದುಹಾಕಿದರು. ಕೆಲಸ ಹೋಗಿ ಆಲೂಗಡ್ಡೆ ಬೆಳೆಯುವಾಗಲೂ ಇವರದು ಅದೇ ರಾಗ.

“ಎಲ್ಲರೂ ಒಂದೇ ಅನ್ನೋದು ಸುಳ್ಳಾಗ್ಲಿಲ್ಲ ಬುರುಲ್, ಹೇಳ್ತಿದ್ದೋರು ಸುಳ್ಳಾದ್ರು.”

ಈ ಶರತ್ಕಾಲದಲ್ಲಿ ಸೌದೆ ಒಡೆಯುತ್ತಿದ್ದವರು ಕುಸಿದು ಬಿದ್ದರು. ಬಲಗೈ ಬಲಗಾಲು ಸತ್ತವು, ಮಾತು ನಿಂತಿತು. ನಾನೂ ಸೊಸೆ ಜಿಬೆಕ್‌ಳೂ ಉಟ್ಟ ಬಟ್ಟೆಯಲ್ಲೇ ಆಸ್ಪತ್ರೆಗೆ ಓಡಿದೆವು. ರಾಜಧಾನಿಯಲ್ಲಿ ಹುಟ್ಟಿ ಬೆಳೆದ ಡಾಕ್ಟರಮ್ಮ ಹೆಸರು ಕೇಳಿದಳು. ನಾನು ಸೊಸೆಯ ಮುಖ ನೋಡಿದೆ, ಸೊಸೆ ನನ್ನ ಮುಖ ನೋಡಿದಳು.

“ಗಟ್ಟಿ... ಗಟ್ಟಿಕುಲ್,” ಎಂದಳು ಜಿಬೆಕ್ ನೆಲ ನೋಡುತ್ತಾ.

ಆ ಡಾಕ್ಟರ್ ಹುಡುಗಿಗೆ ನಮ್ಮ ಪದ್ಧತಿ ಏನು ಗೊತ್ತು? ಅದನ್ನೇ ಮಂಚದ ಹಲಗೆಗೆ ಬರೆದಳು. ದಿನವೂ ಬಂದು “ಗಟ್ಟಿಕುಲ್! ಗಟ್ಟಿಕುಲ್!” ಎಂದು ಕೂಗುವುದು, ಇವರು ಸೂರು ನೋಡುತ್ತಾ ಮಲಗಿರುವುದು. ಕೊನೆಗೆ ನನ್ನನ್ನು ಪಕ್ಕಕ್ಕೆ ಕರೆದು, “ಅಜ್ಜಿ, ಸ್ವಂತ ಹೆಸರಿಗೇ ಓಗೊಡ್ತಿಲ್ಲ. ಅವರಿಗೆ ಏನೂ ಅರ್ಥ ಆಗ್ತಿಲ್ಲ ಅನ್ಸುತ್ತೆ,” ಎಂದಳು.

ನನಗೆ ಮೈಯೆಲ್ಲ ಉರಿಯಿತು. “ಅದು ಅವರ ಹೆಸರೇ ಅಲ್ಲ ಕಣಮ್ಮ!”

“ಮತ್ತೇನು ಹೆಸರು?”

“ದೂರದೂರಲ್ಲಿರೋ ಮಗನಿಗೆ ಫೋನ್ ಮಾಡಿ ಕೇಳು.”

ಅವಳು ತಲೆ ಚಚ್ಚಿಕೊಂಡಳು. ಮನೆಗೆ ಕಳಿಸುವಾಗ ನನ್ನ ಕೈ ಹಿಡಿದು ಹೇಳಿದಳು: “ನಾನು ಕರೆದು ಪ್ರಯೋಜನ ಇಲ್ಲ, ಗೊತ್ತಿರೋ ದನಿ ಬೇಕು. ನೀವೇ ಹೆಸರು ಹಿಡಿದು ಕರೀರಿ. ತಿರುಗಿ ನೋಡಿದ್ರೆ, ನೀವು ಯಾರು ಅನ್ನೋದೂ ನೆನಪಾಗಬಹುದು.”

ಮನೆಗೆ ಬಂದ ಮೇಲೆ ಇವರ ಬಾಯಿಂದ ಒಂದೇ ಒಂದು ಮಾತು ಹೊರಟಿತು: “ಆದ್ದರಿಂದ.” ತರಗತಿಯಲ್ಲಿ ಬೆರಳೆತ್ತಿ ಹೇಳುತ್ತಿದ್ದ ಮಾತು. ಹಸಿವಾದರೂ ಆದ್ದರಿಂದ, ಒದ್ದೆಯಾದರೂ ಆದ್ದರಿಂದ. ನಾನು ಗಂಜಿಯ ಬಟ್ಟಲು ಹಿಡಿದು ಮುಂದಿನ ಮಾತಿಗೆ ಕಾಯುತ್ತಿದ್ದೆ. ಬರುತ್ತಿರಲಿಲ್ಲ.

“ಮಾತಿಲ್ದೆ ಯೋಚನೆ ಇಲ್ಲ ಅಂತಿದ್ರಲ್ಲ ಮೇಷ್ಟ್ರೇ? ಉಪ್ಪು ಜಾಸ್ತಿಯಾದ್ರೆ ಮುಖ ತಿರುಗಿಸ್ತೀರಿ. ಅದು ಯೋಚನೆ ಅಲ್ವಾ? ಸೋತ್ರಿ ನೋಡಿ!” ಎಂದು ರೇಗಿಸಿದೆ. ಗೆದ್ದು ಏನು ಬಂತು? ತಿರುಗಿ ವಾದ ಮಾಡುವವರಿಲ್ಲ. ನನ್ನ ಕಡೆ ನೋಡುತ್ತಿದ್ದರು, ಬಸ್ಸಿನಲ್ಲಿ ಪಕ್ಕದಲ್ಲಿ ಕೂತ ಅಪರಿಚಿತಳನ್ನು ನೋಡುವ ಹಾಗೆ. ಅದನ್ನು ಮಾತ್ರ ನನ್ನಿಂದ ತಡೆಯಲಾಗಲಿಲ್ಲ.

ಮಾತು ಆಡಿದರೆ ಹೋಯಿತು, ಮುತ್ತು ಒಡೆದರೆ ಹೋಯಿತು ಎನ್ನುತ್ತಾರೆ. ಹೋದರೆ ಹೋಗಲಿ! ಒಂದು ಮಧ್ಯಾಹ್ನ ಸೊಸೆಯನ್ನು ನೀರಿಗೆ ಕಳಿಸಿ, ತಲೆಯ ವಸ್ತ್ರ ಸರಿಮಾಡಿಕೊಂಡು ಮಂಚದ ಪಕ್ಕ ಕೂತೆ. ಹೊಸ ಮದುಮಗಳಿಗಾಗುವ ನಾಚಿಕೆ, ಈ ವಯಸ್ಸಿನಲ್ಲಿ.

“ತೆಮಿರ್‌ಕುಲ್,” ಎಂದೆ.

ಇವರ ಕಣ್ಣು ಅರಳಿತು. ಅಯ್ಯೋ ದೇವರೇ, ಕೇಳಿಸಿತು, ಗೊತ್ತಾಯಿತು! “ತೆಮಿರ್‌ಕುಲ್! ಇಲ್ಲಿ, ನಾನು ಬುರುಲ್!” ಎಂದು ಮುಖ ಹತ್ತಿರ ತಂದೆ.

ಇವರು ನನ್ನ ಮುಖವನ್ನು ಎಡಗೈಯಿಂದ ಮೆಲ್ಲಗೆ ಪಕ್ಕಕ್ಕೆ ಸರಿಸಿದರು. ನಾನು ಅಡ್ಡವಾಗಿದ್ದೆ. ಕುತ್ತಿಗೆ ಎತ್ತಿ, ಸಣ್ಣ ಮಗುವಿನ ಹಾಗೆ ನಗುತ್ತಾ ಬಾಗಿಲ ಕಡೆ ನೋಡಿದರು. ಆ ಹೆಸರು ಹಿಡಿದು ಕರೆಯುತ್ತಿದ್ದ ಅತ್ತೆ ಬರುತ್ತಿದ್ದದ್ದು ಅಲ್ಲಿಂದಲೇ, ಹಾಲಿನ ಪಾತ್ರೆ ಹಿಡಿದು.

“ಆದ್ದರಿಂದ?” ಎಂದು ನನ್ನನ್ನು ಕೇಳಿದರು.

ನಾನು ಎದ್ದು ಹೋಗಿ, ಆ ಚಳಿಯಲ್ಲೇ ಬಾಗಿಲು ತೆರೆದಿಟ್ಟೆ.